ಹಳೆ ಮಂಚಕ್ಕೆ ಎಷ್ಟರವರೆಗೆ ಸವಾಲು ಕೂಗಬಹುದು?

ನಾರಾಯಣಪೇಟೆಯ ಹಳೆ ಪೇಟೆಯಲ್ಲೋ ಗದ್ವಾಲ ಕೋಟೆಯ ಸುತ್ತಿನ ಓಣಿಗಳಲ್ಲೋ ಒಂದು ದೊಡ್ಡ ಮನೆ ಬಿಚ್ಚುತ್ತಾರೆಂಬ ಸುದ್ದಿ ಹರಡಿದರೆ ಮೊದಲು ಬಾಗಿಲು ಬಡಿಯುವವನು ಗುಜರಿಯವನು. ಅಣ್ಣತಮ್ಮಂದಿರಲ್ಲಿ ಒಬ್ಬರು ಹೈದರಾಬಾದಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ; ಊರಲ್ಲಿ ಉಳಿದವರು ವಯಸ್ಸಾದ ದೊಡ್ಡಮ್ಮ ಒಬ್ಬರೇ. ಅಟ್ಟದ ಸಂದೂಕ, ಪಡಸಾಲೆಯ ಉಯ್ಯಾಲೆ ಮಣೆ, ಉದ್ದ ಕೈಯ ಆರಾಮ ಕುರ್ಚಿ, ಅಂಗಡಿಯ ಗಲ್ಲಾಪೆಟ್ಟಿಗೆ ಎಲ್ಲಕ್ಕೂ ಸೇರಿಸಿ ಒಂದು ಗುತ್ತಿಗೆ ಬೆಲೆ ಹೇಳಿ, ಅವತ್ತೇ ಟೆಂಪೋಕ್ಕೆ ಹೇರಿಕೊಂಡು ಹೋಗುತ್ತಾನೆ. ಅದೇ ಸಾಮಾನು ಪಾಲಿಶ್ ಹಚ್ಚಿಸಿಕೊಂಡು, ನಂಬರಿನ ಚೀಟಿ ಅಂಟಿಸಿಕೊಂಡು ದೊಡ್ಡ ಊರಿನ ಹರಾಜಿನಲ್ಲಿ ನಿಂತಾಗ ಅದರ ಬೆಲೆಯೂ ಬೇರೆ, ಅದಕ್ಕೆ ಹೇಳುವ ಕಥೆಯೂ ಬೇರೆ. ಕೊಳ್ಳಬೇಕೆನ್ನುವವರಿಗೂ ಮಾರಬೇಕಾಗಿ ಬಂದವರಿಗೂ ಈ ಎರಡು ಬೆಲೆಗಳ ನಡುವೆ ಏನೇನು ನಡೆಯುತ್ತದೆಂದು ಗೊತ್ತಿರುವುದು ಒಳ್ಳೆಯದು.

ಈ ಸೀಮೆಯಲ್ಲಿ ಇಂಥ ಸಾಮಾನು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಹರಾಜಿನ ಅರ್ಧ ಬೆಲೆ ನಿಂತಿರುವುದು ಅಲ್ಲಿಯೇ. ಗದ್ವಾಲ ನಿಜಾಮರ ಅಧೀನದ ಸಂಸ್ಥಾನ. ಸೋಮಭೂಪಾಲನ ಕೋಟೆಯೊಳಗೆ ಈಗ ಚೆನ್ನಕೇಶವ ಗುಡಿಯ ಜೊತೆಗೆ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ ಅವರ ಹೆಸರಿನ ಸರ್ಕಾರಿ ಕಾಲೇಜೂ ಇದೆ. 1949ರಲ್ಲಿ ಹೈದರಾಬಾದ್ ರಾಜ್ಯದಲ್ಲಿ ಜಾಗೀರುಗಳು ರದ್ದಾದ ಮೇಲೆ ಆಳುಕಾಳು, ಕುದುರೆ ಲಾಯ, ದೊಡ್ಡ ದಿವಾನಖಾನೆ ಸಾಕುವ ಶಕ್ತಿ ಅನೇಕ ಮನೆತನಗಳಿಗೆ ಉಳಿಯಲಿಲ್ಲ. ಪಲಂಗ, ಸೋಫಾ, ನಿಲುವುಗನ್ನಡಿಗಳು ಒಂದೊಂದಾಗಿ ಮನೆ ಬಿಟ್ಟವು. ನಾರಾಯಣಪೇಟೆಯ ದಾರಿ ಬೇರೆ. ಅದು ಸೀರೆ ಮತ್ತು ಚಿನ್ನದ ವ್ಯಾಪಾರದ ಊರು. ಬೊಂಬಾಯಿಯಿಂದ ಹೊರಟ ರೈಲು ಹಳಿ 1871ರಲ್ಲಿ ರಾಯಚೂರು ಮುಟ್ಟಿತು. ಊರೊಳಗೆ ರೈಲು ಬರದಿದ್ದರೂ ಯಾದಗಿರಿ ಕಡೆಯ ಸೈದಾಪುರದ ನಿಲ್ದಾಣಕ್ಕೆ 'ನಾರಾಯಣಪೇಟೆ ರೋಡ್' ಎಂಬ ಹೆಸರೇ ಬಿತ್ತು. ಬೊಂಬಾಯಿಯ ಸಾಮಾನು ಇಲ್ಲಿನ ಸಾಹುಕಾರರ ಮನೆ ಸೇರಲು ಆ ದಾರಿ ಸಾಕಾಗಿತ್ತು. ಮಖ್ತಲ್ ಭಾಗದ ಹಳ್ಳಿಗಳಲ್ಲಿ ಸಿಗುವುದು ಹೆಚ್ಚಾಗಿ ರೈತರ ಮನೆಯ ಗಟ್ಟಿ ಕೆಲಸ: ಬೇವಿನ, ಜಾಲಿಯ ಮಂಚ, ಕಾಳಿನ ಪೆಟ್ಟಿಗೆ, ತೊಟ್ಟಿಲು, ದಪ್ಪ ಚೌಕಟ್ಟಿನ ಬಾಗಿಲು. ನಮ್ಮ ಈ ಬಯಲಲ್ಲಿ ತೇಗ ಬೆಳೆಯುವುದಿಲ್ಲ, ಹೊರಗಿಂದಲೇ ಬರಬೇಕಿತ್ತು. ಆದ್ದರಿಂದ ಒಂದು ಮನೆಯಲ್ಲಿ ಎಷ್ಟು ಸಾಗವಾನಿ ಇದೆ ಎಂಬುದು ಆ ಮನೆಯ ಹಳೆಯ ಕೈಯಳತೆಯನ್ನೂ ಹೇಳಿಬಿಡುತ್ತದೆ.

ಇವುಗಳಲ್ಲಿ 'ಆಂಟಿಕ್' ಎನ್ನಿಸಿಕೊಳ್ಳುವುದು ಸ್ವಲ್ಪವೇ. "ಸಾಹುಕಾರ್ರ, ಇದು ನಿಜಾಮರ ಕಾಲದ್ದು" ಎಂದು ವ್ಯಾಪಾರಿ ಹೇಳಿದರೆ ಅವನು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್‌ವರೆಗೂ ಇತ್ತಲ್ಲ! 1940ರಲ್ಲಿ ಮಾಡಿಸಿದ ಕುರ್ಚಿಯೂ ನಿಜಾಮರ ಕಾಲದ್ದೇ. ಆದರೆ ಅದಕ್ಕೆ ನೂರು ವರ್ಷ ತುಂಬಿಲ್ಲ. ಮನೆಯಲ್ಲಿ ಹಳೆ ರಸೀದಿ, ಮಾಡಿಸಿದ ಲೆಕ್ಕದ ವಹಿ ಇದ್ದರೆ ಹುಡುಕಿ. ಅದರಲ್ಲಿ ಇಸವಿಯ ಜಾಗದಲ್ಲಿ ಫಸಲಿ ವರ್ಷ ಇರಬಹುದು, ಅಂಕಿಗಳು ಉರ್ದುವಿನಲ್ಲಿರಬಹುದು. ಹೈದರಾಬಾದಿನ ಫಸಲಿಗೆ 590 ಅಥವಾ 591 ಕೂಡಿಸಿದರೆ ಇಸವಿ ಸಿಗುತ್ತದೆ. ಜಾಗೀರು ರದ್ದತಿಯ ಕಾಯ್ದೆಯ ಮೇಲಿರುವ 1358 ಫಸಲಿ ಎಂದರೆ 1949. ಇಂಥ ಒಂದು ಚೀಟಿ ಸಾಮಾನಿನ ಜೊತೆ ಇದ್ದರೆ ಅದು ಯಾವ ಪಾಲಿಶ್‌ಗಿಂತಲೂ ಹೆಚ್ಚು ಬೆಲೆ ತರುತ್ತದೆ. ವಹಿಗಳನ್ನು ರದ್ದಿಗೆ ಹಾಕುವ ಮುಂಚೆ ಉರ್ದು ಬಲ್ಲ ಹಿರಿಯರೊಬ್ಬರಿಗೆ ತೋರಿಸಿ.

ಹರಾಜು ಎಲ್ಲೆಲ್ಲಿ?

ಈ ಮೂರೂ ಊರುಗಳಲ್ಲಿ ಸುತ್ತಿಗೆ ಬಡಿದು ಪೀಠೋಪಕರಣ ಮಾರುವ ಮಳಿಗೆಗಳನ್ನು ಹುಡುಕುತ್ತ ಹೋಗಬೇಡಿ. ಇಲ್ಲಿ ನಡೆಯುವುದು ಎರಡು ಬಗೆ. ಒಂದು, ಮನೆ ಬಿಚ್ಚುವಾಗ ಅಂಗಳದಲ್ಲೇ ನಡೆಯುವ ಸವಾಲು: ನಾಲ್ಕಾರು ವ್ಯಾಪಾರಿಗಳು, ಇಬ್ಬರು ಬಡಿಗೇರರು, ನೆಂಟರು. ಇನ್ನೊಂದು, ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕು, ರೈಲ್ವೆಯವರು ಕೆಲಸಕ್ಕೆ ಬಾರದು ಎಂದು ಬರೆದು ವಿಲೇವಾರಿ ಮಾಡುವ ಲಾಟು. ಎರಡನೆಯದು ಈಗ ಬಹುಮಟ್ಟಿಗೆ ಆನ್‌ಲೈನ್‌ಗೆ ಹೋಗಿದೆ. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಇ-ಹರಾಜು, ರೈಲ್ವೆಯ ಸ್ವಂತ ಪೋರ್ಟಲ್ ಇವೆಲ್ಲ ನೋಂದಣಿ ಮಾಡಿಸಿ ಮುಂಗಡ ಠೇವಣಿ ಕಟ್ಟಿದವರಿಗೆ ತೆರೆದಿರುತ್ತವೆ. ಇದನ್ನು ಬಿಟ್ಟರೆ ಹೈದರಾಬಾದಿನ ಜುಮೇರಾತ್ ಬಜಾರ್‌ನಂಥ ಹಳೆ ಸಾಮಾನಿನ ಸಂತೆಗಳಿವೆ. ಅಲ್ಲಿ ಹರಾಜಿಲ್ಲ, ಬರೀ ಚೌಕಾಸಿ. ಹಳೇ ಪದ್ಧತಿಯ ಹರಾಜು ಹೇಗಿರುತ್ತದೆಂದು ನೋಡುವ ಆಸೆ ಇದ್ದವರು ಕೋಲ್ಕತ್ತಾಕ್ಕೆ ಹೋದಾಗ ರಸೆಲ್ ಬೀದಿಗೆ ಕಾಲಿಡಬೇಕು. ಅಲ್ಲಿನ ರಸೆಲ್ ಎಕ್ಸ್‌ಚೇಂಜ್ 1940ರಿಂದ ನಡೆದು ಬಂದಿದೆ, ಭಾನುವಾರದ ಕೂಗಾಟಕ್ಕೇ ಹೆಸರಾಗಿದೆ.

ಸರ್ಕಾರಿ ಲಾಟನ್ನು ಹಗುರವಾಗಿ ಕಾಣಬೇಡಿ ಎನ್ನಲು ಚಂಡೀಗಢದ ಪ್ರಸಂಗವೊಂದೇ ಸಾಕು. 1950ರ ದಶಕದಲ್ಲಿ ಆ ಹೊಸ ನಗರದ ಕಚೇರಿಗಳಿಗೆಂದು ಪಿಯರ್ ಜನರೆ ಮತ್ತು ಸಂಗಡಿಗರು ತೇಗ, ಬೆತ್ತದಲ್ಲಿ ರೂಪಿಸಿದ ಕುರ್ಚಿಗಳನ್ನು ಮುಂದೆ ಕಚೇರಿಗಳೇ ಮುರುಕಲು ಎಂದು ರಾಶಿ ಹಾಕಿ ಹರಾಜಿನಲ್ಲಿ ಪುಡಿಗಾಸಿಗೆ ಮಾರಿದವು. ವಿದೇಶಿ ವ್ಯಾಪಾರಿಗಳು ಕೊಂಡು, ದುರಸ್ತಿ ಮಾಡಿಸಿ, ಪ್ಯಾರಿಸ್, ನ್ಯೂಯಾರ್ಕ್‌ನ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಕೇಂದ್ರ ಗೃಹ ಇಲಾಖೆ ಎಚ್ಚೆತ್ತು ಆದೇಶ ಹೊರಡಿಸಿದ್ದು 2011ರಲ್ಲಿ. ಅಷ್ಟಾದರೂ ಅವು ನೂರು ವರ್ಷ ದಾಟದ ಕಾರಣ ಪುರಾತನ ವಸ್ತುಗಳ ಕಾಯ್ದೆಯ ಬಲೆಗೆ ಬೀಳಲಿಲ್ಲ. ಆ ಕುರ್ಚಿಗಳ ಗುರುತಿಗೆ ದೊಡ್ಡ ಆಧಾರವಾದದ್ದು ಹಿಂಬದಿಯಲ್ಲಿ ಬಣ್ಣದಲ್ಲಿ ಬರೆದ ಕಚೇರಿಯ ಹೆಸರು, ನಂಬರು. ನಮ್ಮ ಕಡೆಯ ಹಳೆ ತಹಸೀಲು, ಶಾಲೆ, ಸ್ಟೇಷನ್ನಿನ ಮೇಜು ಕುರ್ಚಿಗಳ ಕೆಳಗೂ ಇಂಥ ಬರಹ, ಕಾಸಿ ಒತ್ತಿದ ಮುದ್ರೆ ಇದ್ದರೆ ಅದನ್ನು ಉಜ್ಜಿ ತೆಗೆಯುವವನಷ್ಟು ದಡ್ಡ ಬೇರಿಲ್ಲ.

ಬೋರಲು ಹಾಕಿ ನೋಡಿ

ಹರಾಜಿನ ಹಿಂದಿನ ದಿನ ಸಾಮಾನು ನೋಡಲು ಅವಕಾಶ ಇದ್ದೇ ಇರುತ್ತದೆ, ಇರಬೇಕು. ಒಂದು ಬ್ಯಾಟರಿ, ಅಳತೆಯ ಟೇಪು, ಗುಂಡುಸೂಜಿ ಇಟ್ಟುಕೊಂಡು ಹೋಗಿ. ಮುಂಭಾಗ ನೋಡುವುದು ಕಡೆಗಾಯಿತು. ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ, ಡ್ರಾಯರ್ ಹೊರಗೆಳೆಯಿರಿ, ಅಲಮಾರಿಯ ಬೆನ್ನು ನೋಡಿ. ಮೋಸ ಮಾಡುವವನು ಕಣ್ಣಿಗೆ ಕಾಣುವ ಕಡೆ ಶ್ರಮ ಹಾಕಿರುತ್ತಾನೆ, ಬೆನ್ನಿನ ಕಡೆ ಸೋಮಾರಿಯಾಗಿರುತ್ತಾನೆ.

ಬೆನ್ನಿಗೆ ಪ್ಲೈವುಡ್ ಇದ್ದರೆ ಒಂದೋ ಸಾಮಾನು ಇಪ್ಪತ್ತನೇ ಶತಮಾನದ್ದು, ಇಲ್ಲವೇ ಬೆನ್ನು ಆಮೇಲೆ ಬದಲಾದದ್ದು. ಕೈಗರಗಸದಿಂದ ಸೀಳಿದ ಹಲಗೆಯ ಮೇಲೆ ಗೆರೆಗಳು ನೇರವಾಗಿ, ಆದರೆ ಒಂದೇ ಸಮ ಇಲ್ಲದೆ ಇರುತ್ತವೆ. ಕಮಾನಿನಂತೆ ಬಾಗಿದ ಗೆರೆ ಕಂಡರೆ ಅದು ಯಂತ್ರದ ಚಕ್ರಗರಗಸದ ಗುರುತು. ಸ್ಕ್ರೂಗಳಲ್ಲಿ ಒಂದನ್ನು ಬಿಚ್ಚಿ ನೋಡಲು ಬಿಟ್ಟರೆ ಇನ್ನೂ ಒಳ್ಳೆಯದು. ತುದಿ ಮೊಂಡಾಗಿದ್ದು ತಲೆಯ ಸೀಳು ನಡುವಿನಿಂದ ಸ್ವಲ್ಪ ಸರಿದಿದ್ದರೆ ಅದು ಹತ್ತೊಂಬತ್ತನೇ ಶತಮಾನದ ಮಧ್ಯಕ್ಕೂ ಹಿಂದಿನ ಕೈಕೆಲಸ. ತಲೆಯ ಮೇಲೆ ಕೂಡಿಸುವ ಗುರುತಿನ ಸೀಳಿದ್ದರೆ 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ದುಂಡು ಮೇಜಿನ ಮೇಲ್ಮೈಯನ್ನು ಟೇಪಿನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಮರ ತನ್ನ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ. ಹೀಗಾಗಿ ಹಳೆಯ ದುಂಡು ಹಲಗೆ ನಿಜವಾಗಿ ದುಂಡಗೆ ಉಳಿದಿರುವುದಿಲ್ಲ. ಎರಡೂ ಅಳತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದರೆ ಅನುಮಾನ ಪಡಿ.

ಸವೆತವೂ ಇರಬೇಕಾದ ಜಾಗದಲ್ಲೇ ಇರಬೇಕು. ಕುರ್ಚಿಯ ಕೈ ತುದಿ, ಮುಂದಿನ ಅಡ್ಡಪಟ್ಟಿಯ ಮೇಲ್ಭಾಗ, ಡ್ರಾಯರಿನ ಕೆಳಗಿನ ಜಾರುಪಟ್ಟಿ, ಉಯ್ಯಾಲೆ ಮಣೆಯಲ್ಲಿ ಸರಪಳಿ ಉಜ್ಜಿದ ಕಡೆ. ಯಾರ ಕೈಕಾಲೂ ತಾಗದ ಮೂಲೆಯಲ್ಲಿ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ. ಹುಳು ಕೊರೆದ ತೂತಿಗೆ ಗುಂಡುಸೂಜಿ ಹಾಕಿ. ಹುಳುವಿನ ದಾರಿ ಒಳಗೆ ಹೊರಳುತ್ತದೆ, ಸೂಜಿ ತಡೆಯುತ್ತದೆ. ನೆಟ್ಟಗೆ ಒಳಗಿಳಿದರೆ ಡ್ರಿಲ್ಲಿನಿಂದ ಕೊರೆದು 'ಹಳೆಯದು' ಮಾಡಿದ್ದಾರೆಂದು ತಿಳಿಯಿರಿ. ತೂತಿನ ಕೆಳಗೆ ಬಿಳಿ ಪುಡಿ ಹೊಸದಾಗಿ ಉದುರಿದ್ದರೆ ಹುಳು ಇನ್ನೂ ಬದುಕಿದೆ; ಅಂಥದ್ದನ್ನು ಮನೆಯೊಳಗೆ ತಂದರೆ ಉಳಿದ ಮರಕ್ಕೂ ಹತ್ತುತ್ತದೆ.

ಬೆತ್ತದ ಕುರ್ಚಿಯಲ್ಲಿ ಚೌಕಟ್ಟಿನ ಸುತ್ತ ಸಾಲು ತೂತು ಕೊರೆದು ಎಳೆ ಎಳೆಯಾಗಿ ಹೆಣೆದಿದ್ದರೆ ಅದು ಕೈ ಹೆಣಿಗೆ. ಚೌಕಟ್ಟಿನಲ್ಲಿ ಗಾಡಿ ತೋಡಿ, ನೇಯ್ದ ಹಾಳೆಯನ್ನು ಒತ್ತಿ ಕೂರಿಸಿದ್ದರೆ ಯಂತ್ರದ್ದು. ಸಾಹುಕಾರರ ಮನೆಗಳಲ್ಲಿ ಕಾಣುವ, ಬೆನ್ನು ಬಾಗಿದ ಹಗುರ ಕುರ್ಚಿಗಳ ಆಸನದ ಒಳಅಂಚನ್ನು ತಪ್ಪದೆ ನೋಡಿ. ಮೈಕೆಲ್ ಥೋನೆಟ್ ಎಂಬಾತ 1859ರಲ್ಲಿ ಬೀಚ್ ಮರವನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ 14ನೇ ನಂಬರಿನ ಕುರ್ಚಿ ಲೋಕವೆಲ್ಲ ಹರಡಿತು: ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ಪೆಟ್ಟಿಗೆಯಲ್ಲಿ ಹಡಗಿಗೆ ಹಾಕಲು ಬರುತ್ತಿದ್ದುದರಿಂದ ಅದು ಅಗ್ಗವಾಯಿತು. ಒಳಅಂಚಿನಲ್ಲಿ ಥೋನೆಟ್ ಅಥವಾ ಕೋಹ್ನ್ ಎಂಬ ಮುದ್ರೆ ಸಿಕ್ಕರೆ ಯುರೋಪಿನದು. ಮುದ್ರೆಯೂ ಇಲ್ಲದೆ ಮರ ಭಾರವಾಗಿದ್ದರೆ ಇಲ್ಲಿಯೇ ಮಾಡಿದ ನಕಲು ಇರಬಹುದು. ನಕಲಾದರೂ ಕೂರಲು ಚೆನ್ನಾಗಿಯೇ ಇರುತ್ತದೆ, ಬೆಲೆ ಮಾತ್ರ ಬೇರೆ.

ಪಾಲಿಶ್ ಯಾವುದೆಂದು ತಿಳಿಯಲು, ಮಾಲೀಕರ ಒಪ್ಪಿಗೆ ಪಡೆದು, ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ. ಹಳೆಯ ಅರಗಿನ ಪಾಲಿಶ್ ಜಿಗುಟಾಗಿ ಕರಗುತ್ತದೆ. ಕರಗದಿದ್ದರೆ ಮೆಲಮೈನ್‌ನಂಥ ಈಚಿನ ಲೇಪ; ಮೂಲ ಮೈ ಅದರಡಿಯಲ್ಲಿ ಉಳಿದಿರುವ ಭರವಸೆ ಇಲ್ಲ.

ಕಾಯ್ದೆ ಎಲ್ಲಿ ಅಡ್ಡ ಬರುತ್ತದೆ

1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆ ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ನೂರು ವರ್ಷ ದಾಟಿದ ಕಲಾಕೆಲಸ ಮಾತ್ರವಲ್ಲ, ಕಟ್ಟಡದಿಂದ ಕಿತ್ತ ವಸ್ತುವೂ ಅದರ ವ್ಯಾಪ್ತಿಗೆ ಬರುತ್ತದೆ. ಹಳೆ ಮನೆಯ ಕೆತ್ತನೆಯ ಚೌಕಟ್ಟು, ಕಂಬ, ಬೋದಿಗೆ ಬಿಚ್ಚುವವರು ಇದನ್ನು ನೆನಪಿಡಬೇಕು. ಕೊಳ್ಳಬಾರದೆಂದೇನೂ ಅಲ್ಲ. ಇಂಥ ವಸ್ತುಗಳ ವ್ಯಾಪಾರವನ್ನೇ ಕಸುಬು ಮಾಡಿಕೊಂಡವನಿಗೆ ಲೈಸೆನ್ಸ್ ಬೇಕು. ಮರದ ಮೂರ್ತಿ, ಉಬ್ಬುಕೆತ್ತನೆಯ ಶಿಲ್ಪಗಳನ್ನು ನೋಂದಾಯಿಸಬೇಕು, ಕೈ ಬದಲಾದಾಗ ನೋಂದಣಿ ಅಧಿಕಾರಿಗೆ ತಿಳಿಸಬೇಕು. ದೇಶದ ಹೊರಗೆ ಖಾಸಗಿಯವರು ಒಯ್ಯುವಂತೆಯೇ ಇಲ್ಲ. ಒಯ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಅಮೆರಿಕದಲ್ಲಿರುವ ಮಗನ ಮನೆಗೆ ಮುತ್ತಾತನ ಪೆಟ್ಟಿಗೆ ಕಳಿಸುವ ಆಸೆ ಇದ್ದವರು ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ಬೀಟೆ ಮರದ್ದಾಗಿದ್ದರೆ ಇನ್ನೊಂದು ತೊಡಕು: ಬೀಟೆಯ ಕುಲದ ಮರಗಳು 2017ರಿಂದ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿವೆ.

ದಂತದ ವಿಷಯದಲ್ಲಿ ರಿಯಾಯಿತಿ ಇಲ್ಲವೇ ಇಲ್ಲ. ಮೈಸೂರಿನ ಬೀಟೆ ಕುಸುರಿಯಲ್ಲಿ ಹಿಂದೆ ದಂತ ಕೂರಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಕೂರಿಸುತ್ತಾರೆ, ಕಾರಣ ಕಾಯ್ದೆಯೇ. ದಂತದ ಚೂರು ಕೂರಿಸಿದ ಮೇಜು ಎಷ್ಟೇ ಹಳೆಯದಾದರೂ ಕೊಳ್ಳುವುದು, ಮಾರುವುದು ಅಪರಾಧ. ದಿವಾನಖಾನೆಯ ಗೋಡೆಯಲ್ಲಿದ್ದ ಜಿಂಕೆ ತಲೆ, ಚಿರತೆ ಚರ್ಮಕ್ಕೂ ಇದೇ ಮಾತು. ದಂತದ ಕುರ್ಚಿ ನೋಡಲೇಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋಗಿ; ಫ್ರಾನ್ಸಿನ ದೊರೆ ಟಿಪ್ಪುವಿಗೆ ಕಳಿಸಿದ್ದೆಂದು ಹೇಳುವ ಕುರ್ಚಿಗಳು ಅಲ್ಲಿವೆ. ಅದೇ ಓಡಾಟದಲ್ಲಿ ಪುರಾನಿ ಹವೇಲಿಯಲ್ಲಿ ಆರನೇ ನಿಜಾಮರ ಬಟ್ಟೆಯ ಅಲಮಾರಿಗಳ ಉದ್ದನೆ ಸಾಲನ್ನೂ ನೋಡಿ. ಒಳ್ಳೆಯ ತೇಗದ ಕೆಲಸ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸವಾಗುತ್ತದೆ.

ಗುಡಿಯ ವಾಹನ, ಪಲ್ಲಕ್ಕಿ, ಮಂಟಪ, ರಥದ ಕೆತ್ತನೆ ಹರಾಜಿಗೆ ಬಂದರೆ ಯಾರು ಏನೇ ಹೇಳಲಿ, ಕೈ ಹಾಕಬೇಡಿ. ದೇವಸ್ಥಾನದ ಸ್ವತ್ತನ್ನು ಪೂಜಾರಿಯೋ ಊರ ಹಿರಿಯರೋ ತಾವಾಗಿ ಮಾರಲು ಬರುವುದಿಲ್ಲ.

ಸವಾಲು ಕೂಗುವಾಗ

1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಪೂರ್ತಿ ಹರಾಜಿಗೇ ಮೀಸಲು. ಅದರ ಪ್ರಕಾರ ಪ್ರತಿ ಲಾಟೂ ಬೇರೆ ಒಪ್ಪಂದ. ಸುತ್ತಿಗೆ ಬೀಳುವವರೆಗೆ ನೀವು ಕೂಗಿದ ಸವಾಲನ್ನು ಹಿಂತೆಗೆದುಕೊಳ್ಳಬಹುದು. ಮಾರುವವನು ತಾನೂ ಕೂಗುವ ಹಕ್ಕನ್ನು ಮೊದಲೇ ಹೇಳಿ ಇಟ್ಟುಕೊಂಡಿರದಿದ್ದರೆ ತಾನು ಕೂಗುವಂತಿಲ್ಲ, ಬೇರೆಯವರಿಂದ ಕೂಗಿಸುವಂತೆಯೂ ಇಲ್ಲ. ಬೆಲೆ ಏರಿಸಲೆಂದೇ ಸುಳ್ಳು ಸವಾಲು ಹಾಕಿಸಿದ್ದರೆ ಕೊಂಡವನು ವ್ಯವಹಾರ ರದ್ದು ಮಾಡಬಹುದು. ಹಾಗೆಂದು ಅಂಗಳದ ಸವಾಲಿನಲ್ಲಿ ಇದನ್ನು ಸಾಬೀತು ಮಾಡುವುದು ಸುಲಭವಲ್ಲ. ಆದ್ದರಿಂದ ಕೂಗುವ ಮುಂಚೆ ಒಂದು ಮೊತ್ತವನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಳ್ಳಿ, ಅದನ್ನು ದಾಟಬೇಡಿ. ಆ ಮೊತ್ತ ಕಟ್ಟುವಾಗ ಹರಾಜು ಮಳಿಗೆಯ ಕಮಿಷನ್, ಜಿಎಸ್‌ಟಿ, ಹೇರುವ ಇಳಿಸುವ ಕೂಲಿ, ಬಡಿಗೇರರ ದುರಸ್ತಿ ಎಲ್ಲ ಸೇರಿರಬೇಕು. ನೂರು ವರ್ಷ ದಾಟಿದ ವಸ್ತುವಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ನಿಮ್ಮ ಬಿಲ್ಲಿನಲ್ಲಿ ಸಾಮಾನನ್ನು ಯಾವ ಹೆಸರಿನಲ್ಲಿ ಬರೆದಿದ್ದಾರೆ ಎಂಬುದರ ಮೇಲೆ ಕಣ್ಣಿರಲಿ. ಆಂಟಿಕ್ ಎಂದು ಮಾರಿ ಬಿಲ್ಲಿನಲ್ಲಿ ಬರೀ 'ಹಳೆ ಕುರ್ಚಿ' ಎಂದು ಬರೆದರೆ ಅವನ ಮಾತಿನ ತೂಕ ಅಷ್ಟೇ.

'ಇದ್ದಲ್ಲಿ, ಇದ್ದಂತೆ' ಎಂಬ ಷರತ್ತು ಸರ್ಕಾರಿ ಲಾಟುಗಳಲ್ಲಿ ಸಾಮಾನ್ಯ. ಆಮೇಲೆ ಕಾಲು ಅಲ್ಲಾಡುತ್ತದೆಂದು ದೂರಿದರೆ ಕೇಳುವವರಿಲ್ಲ. ಲಾಟಿನಲ್ಲಿ ನಿಮಗೆ ಬೇಕಾದ ಎರಡು ಕುರ್ಚಿಯ ಜೊತೆ ಐವತ್ತು ಮುರಿದ ಬೆಂಚು ಇರಬಹುದು, ಒಟ್ಟಾಗಿಯೇ ಎತ್ತಬೇಕು. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಒಬ್ಬನಿಂದ ಮಾತ್ರ ಕೂಗಿಸಿ, ಹೊರಗೆ ಬಂದು ತಮ್ಮತಮ್ಮಲ್ಲಿ ಮತ್ತೆ ಸವಾಲು ನಡೆಸುವುದೂ ಉಂಟು. ಹೊರಗಿನಿಂದ ಬಂದ ನೀವು ಕೂಗಿದಾಗ ಬೆಲೆಯನ್ನು ಬೇಕೆಂದೇ ಏರಿಸಿ ಹೆದರಿಸುತ್ತಾರೆ. ಅಲ್ಲೇ ಆ ಚೀಟಿ ಕೆಲಸಕ್ಕೆ ಬರುವುದು.

ಮಾರುವ ಮನೆಯವರಿಗೆ

ಪಿತ್ರಾರ್ಜಿತ ಮನೆಯ ಸಾಮಾನು ಊರಲ್ಲಿ ಉಳಿದವರೊಬ್ಬರದಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಪಟ್ಟಿ ಮಾಡಿ, ಪ್ರತಿ ಸಾಮಾನಿನ ಫೋಟೋ ತೆಗೆದು, ಅಕ್ಕತಂಗಿಯರೂ ಸೇರಿ ಎಲ್ಲರ ಸಹಿ ಪಡೆದು ಮಾರಿ. ಆಮೇಲೆ ಮನಸ್ತಾಪ ಹುಟ್ಟುವುದು ಹೊಲಕ್ಕಿಂತ ಹೆಚ್ಚಾಗಿ ಅವ್ವನ ತೊಟ್ಟಿಲಿಗೆ.

ಎಲ್ಲವನ್ನೂ ಒಬ್ಬನಿಗೇ ಒಂದೇ ಬೆಲೆಗೆ ಕೊಡಬೇಡಿ. ಒಳ್ಳೆಯ ಎರಡು ಸಾಮಾನಿನ ಬೆಲೆಯಲ್ಲಿ ಇಡೀ ಮನೆ ಹೋಗುವುದು ಹೀಗೆಯೇ. ರಾಯಚೂರಿನಿಂದ ಒಬ್ಬ, ಹೈದರಾಬಾದಿನಿಂದ ಒಬ್ಬ, ಹೀಗೆ ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರಿಂದ ಬಿಡಿಬಿಡಿಯಾಗಿ ಬೆಲೆ ಕಟ್ಟಿಸಿ. ದೊಡ್ಡ ಹರಾಜು ಮಳಿಗೆಗೆ ಕಳಿಸುವುದಾದರೆ ಕನಿಷ್ಠ ಬೆಲೆಯನ್ನು ಬರಹದಲ್ಲಿ ಗೊತ್ತು ಮಾಡಿ. ಮಾರಾಟವಾಗದಿದ್ದರೆ ವಾಪಸು ತರುವ ಖರ್ಚು ಯಾರದೆಂದೂ ಬರೆಸಿಕೊಳ್ಳಿ. ಬಿಚ್ಚಿದ ತೊಲೆ, ಜಂತಿ, ಬಾಗಿಲನ್ನು ರಾಜ್ಯದ ಗಡಿ ದಾಟಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಸಾಗಣೆ ಪರವಾನಗಿ ಪಡೆಯಿರಿ. ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತರೆ ಲಾಭವೆಲ್ಲ ಅಲ್ಲೇ ಕರಗುತ್ತದೆ.

ಮಾರದೆ ದಾನ ಕೊಡುವ ದಾರಿಯೂ ಇದೆ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲ್, ಹೈದರಾಬಾದ್ ಕಡೆಯ ದಖನಿ ನವಾಬ್ ಮಹಲ್ ಎರಡೂ ಬಿಚ್ಚಿ ಒಯ್ದು ಮತ್ತೆ ಕಟ್ಟಿದ ಮನೆಗಳೇ. ನಮ್ಮ ಸೀಮೆಯ ಮರಗೆಲಸ ಸಮುದ್ರದಂಡೆಯ ಹತ್ತಿರ ಉಳಿದುಕೊಂಡಿತು. ಗದ್ವಾಲದಲ್ಲೋ ನಾರಾಯಣಪೇಟೆಯಲ್ಲೋ ಅಂಥ ಒಂದು ಕೋಣೆಯಾದರೂ ಆಗಬಾರದೇ ಎಂದು ಆಡಳಿತದವರನ್ನು ಕೇಳುವವರು ಬೇಕು.

ಕೊಂಡು ತಂದ ಮೇಲಿನ ಮಾತು ಸ್ವಲ್ಪವೇ. ಕೊಚ್ಚಿ, ಮಂಗಳೂರಿನಂಥ ತೇವದ ಊರಲ್ಲಿದ್ದ ಸಾಮಾನನ್ನು ನಮ್ಮ ಬೇಸಿಗೆಗೆ ತಂದರೆ ಮರ ಒಣಗಿ ಕುಗ್ಗುತ್ತದೆ, ಕೂಡು ಸಡಿಲವಾಗುತ್ತದೆ. ಮಳೆಗಾಲದಲ್ಲಿ ತಂದು ನಿಧಾನಕ್ಕೆ ಒಗ್ಗಲು ಬಿಡುವುದು ಮೇಲು. ಬಿಸಿಲು ಬೀಳುವ ಕಿಟಕಿ, ಕೂಲರಿನ ಎದುರು ಎರಡೂ ಬೇಡ. ನಾಲ್ಕೂ ಕಾಲಿನ ಕೆಳಗೆ ಕಲ್ಲಿನ ಬಿಲ್ಲೆ ಇಟ್ಟು ನೆಲದಿಂದ ಎತ್ತರಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ; ಗೆದ್ದಲು ಹತ್ತಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಸಡಿಲವಾದ ಕೂಡಿಗೆ ಮೊಳೆ ಹೊಡೆಯಲು ಯಾರನ್ನೂ ಬಿಡಬೇಡಿ. ಬಿದಿರಿನ ಗೂಟ ಹೊಡೆದು ಕೂಡಿಸುವುದನ್ನು ಬಲ್ಲ ಹಿರಿಯ ಬಡಿಗೇರರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಕೈಗೆ ತೋರಿಸುವವರೆಗೆ ಉಜ್ಜುಕಾಗದವನ್ನಾಗಲಿ ವಾರ್ನಿಷ್ ಡಬ್ಬಿಯನ್ನಾಗಲಿ ಮನೆಯೊಳಗೆ ತರಬೇಡಿ.